ಮಾನೋಲಿತ್‌ನಿಂದ ಒಂದು ಭಾಗವನ್ನು ಹೊರತೆಗೆಯುವುದು ಹೇಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಅಪ್ಲಿಕೇಶನ್ ಬೆಳೆದು ಬೆಳೆದು ಕೈಗೆ ಸಿಗದ ಹಾಗಾಗಿದೆ, ಮೈಕ್ರೋಸರ್ವಿಸ್‌ಗೆ ಹೋಗುವುದು ಹೇಗೆ?" ಮೈಕ್ರೋಸರ್ವಿಸ್ ಎಂದರೆ ಬೇರೆಯಾಗಿ ಓಡುವ, ಬೇರೆಯಾಗಿ ರಿಲೀಸ್ ಆಗುವ ಚಿಕ್ಕ ಸರ್ವಿಸ್. ಇಡೀ ಅಪ್ಲಿಕೇಶನ್ನನ್ನು ಒಂದೇ ಏಟಿಗೆ ಒಡೆಯುವ ದಾರಿ ಈ ಲೇಖನದಲ್ಲಿಲ್ಲ. ಒಂದೇ ಒಂದು ಭಾಗವನ್ನು ಹೊರಗೆ ತೆಗೆದು, ಅದು ಪ್ರೊಡಕ್ಷನ್‌ನಲ್ಲಿ ನೆಟ್ಟಗೆ ನಿಲ್ಲುವವರೆಗಿನ ಕೆಲಸ ಇದೆ. ಮಾನೋಲಿತ್ ಎಂದರೆ ಕೋಡ್‌ಬೇಸ್ ಒಂದೇ, ಡೇಟಾಬೇಸ್ ಒಂದೇ, ಡಿಪ್ಲಾಯ್ ಆಗುವುದೂ (ಸರ್ವರ್‌ಗೆ ಏರುವುದೂ) ಒಟ್ಟಿಗೇ. ಆರ್ಡರ್ ತೆಗೆದುಕೊಳ್ಳುವ ಅಂಥದ್ದೊಂದು ಅಪ್ಲಿಕೇಶನ್ ಇದೆ, ಅದರಿಂದ ಇನ್‌ವಾಯ್ಸ್ ಭಾಗವನ್ನು ಬೇರೆ ಮಾಡಬೇಕಿದೆ ಎಂದಿಟ್ಟುಕೊಳ್ಳೋಣ.

ಹೆಚ್ಚಿನವರು ಮೊದಲ ದಿನವೇ ಹೊಸ ರೆಪೊ (ಕೋಡ್ ಇಡುವ ಗಿಟ್ ಭಂಡಾರ) ತೆರೆದು, ಕೋಡ್ ಕಾಪಿ ಮಾಡಿ, ನಡುವೆ ಒಂದು ಎಚ್‌ಟಿಟಿಪಿ ಕರೆ ಹಾಕಿಬಿಡುತ್ತಾರೆ. ಎಡವುವುದು ಅಲ್ಲೇ. ಮೊದಲು ಕೋಡ್‌ನೊಳಗೆ ಗೋಡೆ ಏಳಬೇಕು, ಆಮೇಲೆ ಟೇಬಲ್‌ಗಳ ನಡುವೆ, ನೆಟ್‌ವರ್ಕ್ ಎಲ್ಲಕ್ಕಿಂತ ಕೊನೆಗೆ. ಮೊದಲೆರಡು ಕೆಲಸಗಳನ್ನು ಮಾಡುವಾಗ ತಪ್ಪಿದರೆ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ) ಹಿಂದೆಗೆದುಕೊಂಡರೆ ಸಾಕು. ನೆಟ್‌ವರ್ಕ್ ಬಂದ ಮೇಲೆ ಅದೇ ತಪ್ಪಿಗೆ ಎರಡು ತಂಡ, ಎರಡು ಡಿಪ್ಲಾಯ್ ಮತ್ತು ಕೆಟ್ಟುಹೋದ ಡೇಟಾ ಸರಿಪಡಿಸುವ ಸ್ಕ್ರಿಪ್ಟ್ ಬೇಕಾಗುತ್ತದೆ.

ಶುರು ಮಾಡುವ ಮುನ್ನ

ಬೇರೆ ಮಾಡಲು ಗಟ್ಟಿ ಕಾರಣಗಳು ಕೆಲವೇ. ಆ ಭಾಗದ ಹೊರೆಯ ಸ್ವರೂಪವೇ ಬೇರೆ ಇರಬಹುದು: ಪಿಡಿಎಫ್ ತಯಾರಿಕೆ ಸಿಪಿಯು ತಿನ್ನುತ್ತಾ ಆರ್ಡರ್ ಪುಟವನ್ನು ನಿಧಾನ ಮಾಡುತ್ತಿರುತ್ತದೆ. ಅಥವಾ ಬೇರೆ ತಂಡವೊಂದು ತನ್ನದೇ ವೇಗದಲ್ಲಿ ರಿಲೀಸ್ ಮಾಡಬೇಕಿರುತ್ತದೆ. ಅಥವಾ ಇನ್‌ವಾಯ್ಸ್ ಬಿದ್ದರೂ ಆರ್ಡರ್ ನಡೆಯಲೇಬೇಕಿರುತ್ತದೆ. "ಕೋಡ್ ಗಲೀಜಾಗಿದೆ" ಎನ್ನುವುದು ಕಾರಣವಾಗದು. ಗಲೀಜು ಕೋಡನ್ನು ಎರಡು ಸರ್ವರ್‌ಗೆ ಹಂಚಿದರೆ ಗಲೀಜು ಹಾಗೇ ಉಳಿಯುತ್ತದೆ, ಹುಡುಕುವ ಜಾಗ ಮಾತ್ರ ಎರಡಾಗುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ಸರ್ವಿಸ್ 99.9% ಸಮಯ ಎದ್ದಿರುತ್ತದೆ ಎಂದರೆ 30 ದಿನದಲ್ಲಿ ಸುಮಾರು 43 ನಿಮಿಷ ಬಿದ್ದಿರುತ್ತದೆ. ಅಂಥ 5 ಸರ್ವಿಸ್‌ಗಳನ್ನು ಸಾಲಾಗಿ ಕರೆದು, ಎಲ್ಲವೂ ಉತ್ತರ ಕೊಟ್ಟರಷ್ಟೇ ನಿಮ್ಮ ಕೆಲಸ ಮುಗಿಯುವಂತಿದ್ದರೆ, ಒಟ್ಟು 99.5%ಗೆ ಇಳಿಯುತ್ತದೆ. ಅಂದರೆ ಅದೇ 30 ದಿನದಲ್ಲಿ ಮೂರೂವರೆ ಗಂಟೆಗೂ ಹೆಚ್ಚು.

ಕೈಯಲ್ಲಿ ಇರಬೇಕಾದವು: ಇನ್‌ವಾಯ್ಸ್ ಹರಿವಿಗೆ ತಾನಾಗಿ ಓಡುವ ಟೆಸ್ಟ್‌ಗಳು, ನಿಮಿಷಗಳಲ್ಲಿ ಹಿಂದಿನ ಆವೃತ್ತಿಗೆ ಮರಳುವ ಡಿಪ್ಲಾಯ್ ವ್ಯವಸ್ಥೆ, ಎಲ್ಲ ಲಾಗ್‌ಗಳೂ ಒಂದೆಡೆ ಸಿಗುವ ಏರ್ಪಾಡು, ಫೀಚರ್ ಫ್ಲ್ಯಾಗ್ (ಕೋಡ್ ಬದಲಿಸದೆ ಒಂದು ದಾರಿಯನ್ನು ತೆರೆಯುವ, ಮುಚ್ಚುವ ಸ್ವಿಚ್), ಡೇಟಾಬೇಸ್‌ನಲ್ಲಿ ಹೊಸ ಯೂಸರ್ ಮಾಡುವ ಅನುಮತಿ. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಕೆಲಸ.

1. ಗಡಿ ಎಲ್ಲಿದೆ ಎಂದು ಹುಡುಕಿ

ಬಿಳಿ ಹಲಗೆಯ ಮೇಲೆ ಡಬ್ಬಿ ಬರೆಯುವ ಮೊದಲು ಗಿಟ್ ಇತಿಹಾಸ ನೋಡಿ. ಗಿಟ್ ಲಾಗ್‌ಗೆ ನೇಮ್-ಓನ್ಲಿ ಆಯ್ಕೆ ಕೊಟ್ಟರೆ ಪ್ರತಿ ಕಮಿಟ್‌ನಲ್ಲಿ ಬದಲಾದ ಫೈಲುಗಳ ಹೆಸರು ಬರುತ್ತದೆ. ಕಳೆದ ಒಂದು ವರ್ಷದ ಪಟ್ಟಿ ತೆಗೆದು, ಯಾವ ಫೈಲುಗಳು ಜೊತೆಜೊತೆಯಾಗಿ ಬದಲಾಗುತ್ತವೆ ಎಂದು ಎಣಿಸಿ. ಇನ್‌ವಾಯ್ಸ್ ಫೋಲ್ಡರ್ ಮುಟ್ಟಿದ ಕಮಿಟ್‌ಗಳಲ್ಲಿ ಅರ್ಧಕ್ಕರ್ಧ ಆರ್ಡರ್ ಫೋಲ್ಡರ್ ಅನ್ನೂ ಮುಟ್ಟಿದ್ದರೆ ನೀವು ಅಂದುಕೊಂಡ ಗಡಿ ತಪ್ಪು. ಹಾಗೇ ಕೊಯ್ದರೆ ಪ್ರತಿ ಬದಲಾವಣೆಗೂ ಎರಡೂ ಕಡೆ ಒಟ್ಟಿಗೆ ರಿಲೀಸ್ ಮಾಡುವ ಪಾಡು ಬರುತ್ತದೆ.

ಇನ್ನೊಂದು ಪಟ್ಟಿ ಟೇಬಲ್‌ಗಳದ್ದು. ಪ್ರತಿ ಟೇಬಲ್‌ಗೆ ಯಾರು ಬರೆಯುತ್ತಾರೆ, ಯಾರು ಓದುತ್ತಾರೆ ಎಂದು ಗುರುತಿಸಿ. ಎರಡು ಕಡೆಯಿಂದ ಬರೆಯುವ ಟೇಬಲ್ ಕಂಡಲ್ಲಿ ನಿಲ್ಲಿ. ಅದಕ್ಕೊಬ್ಬ ಯಜಮಾನನನ್ನು ಗೊತ್ತು ಮಾಡದೆ ಮುಂದೆ ಹೋಗುವಂತಿಲ್ಲ. ರಿಪೋರ್ಟ್ ತೆಗೆಯುವ ಸ್ಕ್ರಿಪ್ಟ್‌ಗಳು, ರಾತ್ರಿ ಓಡುವ ಕ್ರಾನ್ ಕೆಲಸಗಳು ಕೋಡ್ ಹುಡುಕಾಟದಲ್ಲಿ ಸಿಗದೆ ಹೋಗುವುದುಂಟು. ಡೇಟಾಬೇಸ್‌ನ ಕ್ವೆರಿ ಲಾಗ್ (ಡೇಟಾಬೇಸ್‌ಗೆ ಬಂದ ಪ್ರತಿ ಪ್ರಶ್ನೆಯ ದಾಖಲೆ) ಅನ್ನು ತಿಂಗಳ ಕೊನೆಯ ದಿನವೂ ಸೇರುವ ಹಾಗೆ ಇಟ್ಟು ನೋಡಿ.

2. ಒಂದೇ ಪ್ರೊಸೆಸ್‌ನೊಳಗೆ ಬಾಗಿಲು ಇಡಿ

ಇನ್‌ವಾಯ್ಸ್‌ಗೆ ಒಂದು ಇಂಟರ್‌ಫೇಸ್ (ಹೊರಗಿನವರು ಕರೆಯಬಹುದಾದ ಮೆಥಡ್‌ಗಳ ಪಟ್ಟಿ) ಬರೆಯಿರಿ, ಬಾಗಿಲು ಎಂದರೆ ಇದೇ. ಹೊರಗಿನವರು ಅದರ ಮೂಲಕವೇ ಬರಬೇಕು, ಒಳಗಿನ ಕ್ಲಾಸ್‌ಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಬಾಯಿಮಾತಿನ ನಿಯಮ ಎರಡು ಸ್ಪ್ರಿಂಟ್ ಕೂಡ ಬಾಳುವುದಿಲ್ಲ, ಆದ್ದರಿಂದ ನಿಯಮ ಮುರಿದರೆ ಬಿಲ್ಡ್ ಒಡೆಯುವ ಹಾಗೆ ಮಾಡಿ. ಜಾವಾದಲ್ಲಿ ಆರ್ಕ್‌ಯೂನಿಟ್, ಪೈಥಾನ್‌ನಲ್ಲಿ ಇಂಪೋರ್ಟ್-ಲಿಂಟರ್, ಜಾವಾಸ್ಕ್ರಿಪ್ಟ್‌ನಲ್ಲಿ ಡಿಪೆಂಡೆನ್ಸಿ-ಕ್ರೂಸರ್ ಇದಕ್ಕೇ ಇರುವ ಸಾಧನಗಳು. ಗೋ ಭಾಷೆಯಲ್ಲಾದರೆ 'ಇಂಟರ್ನಲ್' ಎಂಬ ಹೆಸರಿನ ಫೋಲ್ಡರ್‌ಗೆ ಹಾಕಿದರೆ ಕಂಪೈಲರೇ ಕಾವಲು ಕಾಯುತ್ತದೆ.

ಇಲ್ಲಿ ಎರಡು ಬಲೆಗಳಿವೆ. ಮೊದಲನೆಯದು, ಓಆರ್‌ಎಂ ವಸ್ತುಗಳನ್ನು ಬಾಗಿಲಿನಾಚೆ ಕೊಡುವುದು. ಓಆರ್‌ಎಂ ಎಂದರೆ ಟೇಬಲ್ ಸಾಲನ್ನು ಆಬ್ಜೆಕ್ಟ್ ಆಗಿಸುವ ಲೈಬ್ರರಿ. ಅದರ 'ಲೇಜಿ ಲೋಡಿಂಗ್' ಗುಣದಿಂದಾಗಿ, ಇನ್‌ವಾಯ್ಸ್ ಆಬ್ಜೆಕ್ಟ್ ಪಡೆದವನು ಅದರ ಗ್ರಾಹಕನ ಹೆಸರು ಕೇಳಿದ ಕ್ಷಣ ಹಿಂಬಾಗಿಲಿನಿಂದ ಇನ್ನೊಂದು ಕ್ವೆರಿ ಓಡುತ್ತದೆ. ಬಾಗಿಲು ದಾಟುವುದು ಐಡಿ ಮತ್ತು ಸರಳ ಮೌಲ್ಯಗಳಷ್ಟೇ ಆಗಿರಲಿ.

ಎರಡನೆಯದು, ತೀರಾ ಸಣ್ಣ ಸಣ್ಣ ಕರೆಗಳು. 200 ಆರ್ಡರ್‌ಗಳ ಪಟ್ಟಿ ತೋರಿಸಲು 200 ಸಲ "ಈ ಆರ್ಡರ್‌ನ ಇನ್‌ವಾಯ್ಸ್ ಕೊಡು" ಎಂದು ಕೇಳುವ ಲೂಪ್ ಇದ್ದರೆ, ಒಂದೇ ಪ್ರೊಸೆಸ್‌ನಲ್ಲಿ ಅದು ಯಾರ ಗಮನಕ್ಕೂ ಬರದಿರಬಹುದು. ನಾಳೆ ಪ್ರತಿ ಕರೆಗೆ 2 ಮಿಲಿಸೆಕೆಂಡ್ ನೆಟ್‌ವರ್ಕ್ ಸೇರಿದರೆ ಒಂದಾದ ಮೇಲೊಂದು ನಡೆದು 400 ಮಿಲಿಸೆಕೆಂಡ್ ಆಗುತ್ತದೆ. ಐಡಿಗಳ ಪಟ್ಟಿ ತೆಗೆದುಕೊಂಡು ಒಟ್ಟಿಗೆ ಉತ್ತರ ಕೊಡುವ ಮೆಥಡ್ ಅನ್ನು ಈಗಲೇ ಬರೆದಿಡಿ.

3. ಟೇಬಲ್‌ಗಳನ್ನು ಬೇರ್ಪಡಿಸಿ

ಅಸಲಿ ಕೆಲಸ ಇದು, ಹೆಚ್ಚು ಸಮಯ ತಿನ್ನುವುದೂ ಇದೇ. ಡೇಟಾಬೇಸ್ ಸದ್ಯಕ್ಕೆ ಒಂದೇ ಇರಲಿ. ಇನ್‌ವಾಯ್ಸ್ ಟೇಬಲ್‌ಗಳನ್ನು ಪ್ರತ್ಯೇಕ ಸ್ಕೀಮಾಗೆ (ಡೇಟಾಬೇಸ್‌ನೊಳಗೆ ಟೇಬಲ್‌ಗಳ ಬೇರೆ ಕೋಣೆ) ಸರಿಸಿ, ಅದಕ್ಕೆ ಪ್ರತ್ಯೇಕ ಡೇಟಾಬೇಸ್ ಯೂಸರ್ ಮಾಡಿ, ಹಳೆಯ ಯೂಸರ್‌ನಿಂದ ಆ ಸ್ಕೀಮಾದ ಅನುಮತಿ ಹಿಂತೆಗೆಯಿರಿ. ಗಡಿ ದಾಟುವ ಕ್ವೆರಿ ಎಲ್ಲೇ ಅಡಗಿದ್ದರೂ ಅನುಮತಿ ದೋಷವಾಗಿ ಹೊರಬೀಳುತ್ತದೆ. ಇದನ್ನು ಮೊದಲು ಪರೀಕ್ಷೆಗಿರುವ ಸ್ಟೇಜಿಂಗ್‌ನಲ್ಲೇ ಮಾಡಿ. ಅಪ್ಲಿಕೇಶನ್ ಸೂಪರ್‌ಯೂಸರ್ ಆಗಿ ಕನೆಕ್ಟ್ ಆಗುತ್ತಿದ್ದರೆ ಅನುಮತಿ ಹಿಂತೆಗೆದರೂ ಏನೂ ಆಗುವುದಿಲ್ಲ, ಅದನ್ನು ಮುಂಚೆಯೇ ನೋಡಿಕೊಳ್ಳಿ.

ಜಾಯಿನ್‌ಗಳು (ಎರಡು ಟೇಬಲ್ ಕೂಡಿಸಿ ಓದುವ ಕ್ವೆರಿಗಳು) ಹೋಗಬೇಕು. ಪ್ರತಿಯೊಂದಕ್ಕೂ ಎರಡರಲ್ಲಿ ಒಂದು ಉತ್ತರವಿದೆ: ಬಾಗಿಲಿನ ಮೂಲಕ ಒಟ್ಟಿಗೆ ಕೇಳುವುದು, ಇಲ್ಲವೇ ಬೇಕಾದ ಕಾಲಂ ಅನ್ನು ಈ ಕಡೆ ನಕಲಿಸಿಕೊಳ್ಳುವುದು. ನಕಲು ಎಂದಾಗ ಮುಖ ಸಿಂಡರಿಸುವವರಿದ್ದಾರೆ. ಆದರೆ ಇನ್‌ವಾಯ್ಸ್‌ನಲ್ಲಿರುವ ಗ್ರಾಹಕನ ವಿಳಾಸ ಇನ್‌ವಾಯ್ಸ್ ಆದ ದಿನದ ವಿಳಾಸವೇ ಆಗಿರಬೇಕು. ಆತ ಆಮೇಲೆ ಮನೆ ಬದಲಿಸಿದರೆ ಹಳೆಯ ಇನ್‌ವಾಯ್ಸ್ ಬದಲಾಗಬಾರದು. ಇಷ್ಟು ದಿನ ಜಾಯಿನ್ ಮಾಡಿ ತೋರಿಸುತ್ತಿದ್ದದ್ದೇ ದೋಷ.

ಫಾರಿನ್ ಕೀ (ಒಂದು ಟೇಬಲ್‌ನಲ್ಲಿ ಬರೆದ ಐಡಿ ಇನ್ನೊಂದರಲ್ಲಿ ಇರಲೇಬೇಕೆಂಬ ನಿರ್ಬಂಧ) ತೆಗೆಯುವಾಗ ಜಾಗ್ರತೆ. ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು ಕಿತ್ತುಹಾಕಲು ಎರಡೂ ಟೇಬಲ್‌ಗಳ ಮೇಲೆ ಅತಿ ಬಿಗಿಯಾದ ಲಾಕ್ (ಬೇರೆಯವರು ಓದಲೂ ಆಗದ ಬೀಗ) ಬೇಕು. ಲಾಕ್ ಸಿಕ್ಕರೆ ಕೆಲಸ ಕ್ಷಣಾರ್ಧದ್ದು. ಆದರೆ ಆ ಹೊತ್ತಿಗೆ ಯಾರಾದರೂ ಹತ್ತು ನಿಮಿಷದ ರಿಪೋರ್ಟ್ ಓಡಿಸುತ್ತಿದ್ದರೆ ನಿಮ್ಮ ಆಜ್ಞೆ ಅದರ ಹಿಂದೆ ಕಾಯುತ್ತದೆ, ನಿಮ್ಮ ಹಿಂದೆ ಬಂದ ಸಾದಾ ಓದುವ ಕ್ವೆರಿಗಳೆಲ್ಲ ನಿಮಗಾಗಿ ಕಾಯುತ್ತವೆ, ಸೈಟ್ ನಿಂತಂತೆಯೇ. ಲಾಕ್ ಟೈಮ್‌ಔಟ್ ಅನ್ನು 2 ಸೆಕೆಂಡ್‌ಗೆ ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿ. ಫಾರಿನ್ ಕೀ ಹೋದ ಮೇಲೆ ಆರ್ಡರ್ ಇಲ್ಲದ ಇನ್‌ವಾಯ್ಸ್ ಹುಟ್ಟಬಹುದು. ಅಂಥವನ್ನು ಹುಡುಕುವ ಚಿಕ್ಕ ಕ್ವೆರಿಯೊಂದು ದಿನಕ್ಕೊಮ್ಮೆ ಓಡಲಿ.

4. ಟ್ರಾನ್ಸಾಕ್ಷನ್ ಜಾಗಕ್ಕೆ ಔಟ್‌ಬಾಕ್ಸ್

ಇಲ್ಲಿಯವರೆಗೆ ಆರ್ಡರ್ ಮತ್ತು ಇನ್‌ವಾಯ್ಸ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಉಳಿಯುತ್ತಿದ್ದವು: ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಈಗ ಅದು ಸಾಧ್ಯವಿಲ್ಲ. ಆರ್ಡರ್ ಕಮಿಟ್ ಮಾಡಿ (ಇಲ್ಲಿ ಕಮಿಟ್ ಎಂದರೆ ಡೇಟಾಬೇಸ್‌ನಲ್ಲಿ ಖಾಯಂ ಮಾಡುವುದು) ಆಮೇಲೆ ಸಂದೇಶ ಕಳಿಸೋಣ ಎಂದರೆ, ನಡುವೆ ಪ್ರೊಸೆಸ್ ಸತ್ತಾಗ ಸಂದೇಶ ಹೋಗುವುದೇ ಇಲ್ಲ. ಮೊದಲು ಸಂದೇಶ ಕಳಿಸಿದರೆ, ಕಮಿಟ್ ವಿಫಲವಾದಾಗ ಇಲ್ಲದ ಆರ್ಡರ್‌ಗೆ ಇನ್‌ವಾಯ್ಸ್ ಹುಟ್ಟುತ್ತದೆ.

ಔಟ್‌ಬಾಕ್ಸ್ ಎಂದರೆ ಕಳಿಸಬೇಕಾದ ಸಂದೇಶಗಳ ಟೇಬಲ್. ಆರ್ಡರ್ ಸಾಲು ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ "ಆರ್ಡರ್ ಆಯಿತು" ಎಂಬ ಸಾಲನ್ನೂ ಇಲ್ಲಿ ಬರೆಯಿರಿ. ಕಾಲಂಗಳು ಇಷ್ಟು ಸಾಕು: ಸಂದೇಶದ ಐಡಿ, ಆರ್ಡರ್ ಐಡಿ, ಬಗೆ, ಒಡಲು, ಹುಟ್ಟಿದ ಸಮಯ, ಕಳಿಸಿದ ಸಮಯ. ಪ್ರತ್ಯೇಕವಾಗಿ ಓಡುವ ಒಂದು ಪ್ರೊಸೆಸ್ ಇದನ್ನು ಓದಿ, ಸಂದೇಶ ಸಾಗಿಸುವ ಕಾಫ್ಕಾಗೋ ರ್‍ಯಾಬಿಟ್‌ಎಂಕ್ಯೂಗೋ ತಳ್ಳಿ, 'ಕಳಿಸಿದ ಸಮಯ' ತುಂಬುತ್ತದೆ. ಅದಕ್ಕೆ ರಿಲೇ ಎನ್ನೋಣ.

ರಿಲೇ ಬರೆಯುವಾಗ ಬಹಳ ಮಂದಿ "ಕಳೆದ ಸಲ ಓದಿದ ಐಡಿಗಿಂತ ದೊಡ್ಡದನ್ನು ಕೊಡು" ಎಂದು ಕೇಳುತ್ತಾರೆ. ನೋಡಲು ಚೊಕ್ಕಟವಾಗಿದೆ, ಸಂದೇಶಗಳನ್ನು ನುಂಗುತ್ತದೆ. ಡೇಟಾಬೇಸ್ ಐಡಿ ಹಂಚುವುದು ಸಾಲು ಬರೆಯುವಾಗ, ಆ ಸಾಲು ಹೊರಗಿನವರಿಗೆ ಕಾಣುವುದು ಕಮಿಟ್ ಆದ ಮೇಲೆ. ಮೊದಲ ಟ್ರಾನ್ಸಾಕ್ಷನ್‌ಗೆ 101 ಸಿಕ್ಕಿತು, ಎರಡನೆಯದಕ್ಕೆ 102. ಎರಡನೆಯದು ಬೇಗ ಕಮಿಟ್ ಆಯಿತು. ರಿಲೇ ಬಂದು 102 ಓದಿ, "102ರವರೆಗೆ ಆಯಿತು" ಎಂದು ಬರೆದುಕೊಂಡಿತು. ಆಮೇಲೆ 101 ಕಮಿಟ್ ಆದರೂ ಅದನ್ನು ಯಾರೂ ಓದುವುದಿಲ್ಲ. ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಹೊರೆ ಹೆಚ್ಚಿದ ದಿನ ಅಲ್ಲೊಂದು ಇಲ್ಲೊಂದು ಇನ್‌ವಾಯ್ಸ್ ಕಾಣೆಯಾಗುತ್ತದೆ.

ಹಾಗಾಗಿ 'ಕಳಿಸಿದ ಸಮಯ' ಖಾಲಿ ಇರುವ ಸಾಲುಗಳನ್ನೇ ಕೇಳಿ, ಆ ಖಾಲಿ ಸಾಲುಗಳಿಗಷ್ಟೇ ಅನ್ವಯಿಸುವ ಪಾರ್ಷಿಯಲ್ ಇಂಡೆಕ್ಸ್ ಹಾಕಿ. ಒಂದಕ್ಕಿಂತ ಹೆಚ್ಚು ರಿಲೇ ಓಡಿಸುವುದಾದರೆ 'ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್' ಬಳಸಿ. ಒಬ್ಬ ಹಿಡಿದ ಸಾಲನ್ನು ಇನ್ನೊಬ್ಬ ಕಾಯದೆ ದಾಟಿ ಮುಂದೆ ಹೋಗುತ್ತಾನೆ; ಪೋಸ್ಟ್‌ಗ್ರೆಸ್ 9.5ರಿಂದ, ಮೈಎಸ್‌ಕ್ಯೂಎಲ್ 8.0ರಿಂದ ಇದು ಇದೆ. ಆದರೆ ಆಗ ಸಂದೇಶಗಳ ಅನುಕ್ರಮ ತಪ್ಪುತ್ತದೆ. "ರದ್ದಾಯಿತು" ಎಂಬುದು "ಆಯಿತು" ಎನ್ನುವುದಕ್ಕಿಂತ ಮೊದಲು ತಲುಪಿದರೆ ತೊಂದರೆ ಎನ್ನುವಂತಿದ್ದರೆ ಒಂದೇ ರಿಲೇ ಸಾಕು. ಟೇಬಲ್ ಬದಲು ಡೇಟಾಬೇಸ್‌ನ ಬದಲಾವಣೆ ಲಾಗ್ ಅನ್ನೇ ಓದುವ ಡಿಬೀಜಿಯಂನಂಥ ಸಾಧನಗಳೂ ಇವೆ. ಒಳ್ಳೆಯವೇ, ಆದರೆ ನೋಡಿಕೊಳ್ಳಲು ಇನ್ನೊಂದು ವ್ಯವಸ್ಥೆ ಸೇರಿಕೊಳ್ಳುತ್ತದೆ. ಮೊದಲ ಸಲಕ್ಕೆ ಟೇಬಲ್ಲೇ ಸಾಕು.

ಕಳಿಸಿ ಮುಗಿದ ಸಾಲುಗಳನ್ನು ಕೆಲವು ದಿನ ಇಟ್ಟು ಅಳಿಸಿ. ಅಳಿಸದಿದ್ದರೆ ಕೆಲವೇ ತಿಂಗಳಲ್ಲಿ ಡೇಟಾಬೇಸ್‌ನ ಅತಿ ದೊಡ್ಡ ಟೇಬಲ್ ಇದೇ ಆಗಿರುತ್ತದೆ.

5. ಎರಡು ಸಲ ಬಂದರೂ ಒಂದೇ ಸಲ ಆಗಲಿ

ರಿಲೇ ಸಂದೇಶ ಕಳಿಸಿ, 'ಕಳಿಸಿದ ಸಮಯ' ತುಂಬುವ ಮುನ್ನ ಬಿದ್ದರೆ, ಎದ್ದ ಮೇಲೆ ಅದನ್ನೇ ಮತ್ತೆ ಕಳಿಸುತ್ತದೆ. ಇದನ್ನು ತಪ್ಪಿಸಲಾಗದು, ತಡೆದುಕೊಳ್ಳಬಹುದಷ್ಟೇ. ಪಡೆಯುವ ಕಡೆಯ ಕೆಲಸ ಐಡೆಂಪೊಟೆಂಟ್ ಆಗಿರಬೇಕು, ಅಂದರೆ ಒಂದೇ ಸಂದೇಶವನ್ನು ಎಷ್ಟು ಸಲ ಕೊಟ್ಟರೂ ಫಲ ಒಂದೇ ಇರಬೇಕು.

"ಈ ಆರ್ಡರ್‌ಗೆ ಇನ್‌ವಾಯ್ಸ್ ಇದೆಯೇ ನೋಡು, ಇಲ್ಲದಿದ್ದರೆ ಮಾಡು" ಎಂದು ಬರೆದರೆ ಸಾಲದು. ಇಬ್ಬರು ಒಟ್ಟಿಗೆ ನೋಡಿದಾಗ ಇಬ್ಬರಿಗೂ "ಇಲ್ಲ" ಎಂದೇ ಕಾಣುತ್ತದೆ, ಇಬ್ಬರೂ ಮಾಡುತ್ತಾರೆ. ಆರ್ಡರ್ ಐಡಿ ಮೇಲೆ ಯುನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಬಾರದಂತೆ) ಹಾಕಿ, ಬರೆಯಲು ಪ್ರಯತ್ನಿಸಿ, ಡೂಪ್ಲಿಕೇಟ್ ದೋಷ ಬಂದರೆ "ಆಗಲೇ ಆಗಿದೆ" ಎಂದು ಮುಂದೆ ಹೋಗಿ. ಅಂಥ ಸಹಜ ಕೀ ಇಲ್ಲದ ಕಡೆ, ನೋಡಿ ಮುಗಿಸಿದ ಸಂದೇಶಗಳ ಐಡಿ ಇಡುವ ಟೇಬಲ್ ಮಾಡಿ, ಕೆಲಸದ ಟ್ರಾನ್ಸಾಕ್ಷನ್‌ನಲ್ಲೇ ಅದಕ್ಕೂ ಬರೆಯಿರಿ.

6. ಈಗ ನೆಟ್‌ವರ್ಕ್

ಇಂಟರ್‌ಫೇಸ್ ಹಿಂದಿದ್ದ ಕೋಡ್ ತನ್ನದೇ ಪ್ರೊಸೆಸ್‌ಗೆ ಹೋಗುತ್ತದೆ, ಅದರ ಜಾಗದಲ್ಲಿ ಎಚ್‌ಟಿಟಿಪಿ ಅಥವಾ ಜಿಆರ್‌ಪಿಸಿ ಕ್ಲೈಂಟ್ (ನೆಟ್‌ವರ್ಕ್ ಮೂಲಕ ಅದನ್ನು ಕರೆಯುವ ಕೋಡ್) ಬರುತ್ತದೆ. ಕರೆಯುವವರ ಕೋಡ್ ಬಹುತೇಕ ಬದಲಾಗಬಾರದು. ಬದಲಾಗುತ್ತಿದ್ದರೆ 2ನೇ ಹಂತ ಪೂರ್ತಿಯಾಗಿಲ್ಲ.

ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ಮೊದಲು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲೂ, ಗೋ ಭಾಷೆಯ ಎಚ್‌ಟಿಟಿಪಿ ಕ್ಲೈಂಟ್‌ನಲ್ಲೂ ನೀವಾಗಿ ಕೊಡದಿದ್ದರೆ ಟೈಮ್‌ಔಟ್ ಇರುವುದಿಲ್ಲ. ಇದರಿಂದ ಏನಾಗುತ್ತದೆ ನೋಡಿ. ಸೆಕೆಂಡಿಗೆ 50 ಕರೆ, ಪ್ರತಿಯೊಂದಕ್ಕೂ 100 ಮಿಲಿಸೆಕೆಂಡ್ ಎಂದರೆ ಯಾವುದೇ ಕ್ಷಣದಲ್ಲಿ 5 ಥ್ರೆಡ್‌ಗಳು (ಒಂದೊಂದು ವಿನಂತಿ ನೋಡಿಕೊಳ್ಳುವ ಕೆಲಸದ ಎಳೆಗಳು) ಕಾಯುತ್ತಿರುತ್ತವೆ. ಇನ್‌ವಾಯ್ಸ್ ಸರ್ವಿಸ್ ಕುಂಟತೊಡಗಿ ಪ್ರತಿ ಕರೆಗೂ 10 ಸೆಕೆಂಡ್ ಆದರೆ 500 ಥ್ರೆಡ್ ಬೇಕು. ನಿಮ್ಮಲ್ಲಿರುವುದು 200 ಆದರೆ ನಾಲ್ಕೇ ಸೆಕೆಂಡಿನಲ್ಲಿ ಎಲ್ಲ ಖಾಲಿ. ಇನ್‌ವಾಯ್ಸ್‌ಗೆ ಸಂಬಂಧವೇ ಇಲ್ಲದ ಲಾಗಿನ್ ಪುಟವೂ ಆಗ ನಿಲ್ಲುತ್ತದೆ. ಪೂರ್ತಿ ಸತ್ತ ಸರ್ವಿಸ್‌ಗಿಂತ ನಿಧಾನವಾದದ್ದು ಅಪಾಯಕಾರಿ ಎನ್ನುವುದು ಇದಕ್ಕೇ. ಕನೆಕ್ಟ್ ಆಗಲು ಒಂದು, ಒಟ್ಟು ಉತ್ತರಕ್ಕೆ ಒಂದು, ಹೀಗೆ ಎರಡು ಮಿತಿ ಕೊಡಿ. ಒಳಗಿನ ಕರೆಯ ಮಿತಿ ಹೊರಗಿನ ಕರೆಯ ಮಿತಿಗಿಂತ ಚಿಕ್ಕದಿರಲಿ. ಇನ್‌ವಾಯ್ಸ್ ಕರೆಗಳಿಗೆ ಥ್ರೆಡ್ ಅಥವಾ ಕನೆಕ್ಷನ್‌ಗಳ ಪ್ರತ್ಯೇಕ ಮಿತಿಯನ್ನೂ ಗೊತ್ತು ಮಾಡಿ.

ಟೈಮ್‌ಔಟ್ ಆಯಿತು ಎಂದರೆ ಕೆಲಸ ಆಗಲಿಲ್ಲ ಎಂದರ್ಥವಲ್ಲ, ಗೊತ್ತಿಲ್ಲ ಎಂದರ್ಥ. ಮತ್ತೆ ಕರೆಯುವ ಮುನ್ನ 5ನೇ ಹಂತದ ರಕ್ಷಣೆ ಈ ದಾರಿಗೂ ಇದೆಯೇ ನೋಡಿ. ಪುನಃ ಪ್ರಯತ್ನ ಒಂದೇ ಪದರದಲ್ಲಿರಲಿ: ಮೂರು ಪದರಗಳೂ ಮೂರು ಮೂರು ಸಲ ಪ್ರಯತ್ನಿಸಿದರೆ, ಆಗಲೇ ಒದ್ದಾಡುತ್ತಿರುವ ಸರ್ವಿಸ್ ಮೇಲೆ ಒಂದರ ಬದಲು 27 ಕರೆ ಬೀಳುತ್ತವೆ. ನಡುವಿನ ಕಾಯುವಿಕೆ ಪ್ರತಿ ಸಲ ಇಮ್ಮಡಿಯಾಗಲಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ವ್ಯತ್ಯಾಸ ಸೇರಿಸಿ. ಇಲ್ಲದಿದ್ದರೆ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣಕ್ಕೆ ಮರಳಿ ಬರುತ್ತವೆ. 400ರ ಸರಣಿಯ (ಕೇಳಿದ್ದರಲ್ಲೇ ತಪ್ಪಿದೆ ಎನ್ನುವ) ದೋಷಗಳನ್ನು ಮತ್ತೆ ಪ್ರಯತ್ನಿಸಿ ಸಾಮಾನ್ಯವಾಗಿ ಉಪಯೋಗವಿಲ್ಲ, 429 ಬಿಟ್ಟು. ಅದು "ಸ್ವಲ್ಪ ತಾಳಿ ಬಾ" ಎನ್ನುವ ಉತ್ತರ.

ಪ್ರತಿ ವಿನಂತಿಗೂ ಒಂದು ಟ್ರೇಸ್ ಐಡಿ ಕೊಟ್ಟು ಎರಡೂ ಕಡೆಯ ಲಾಗ್‌ಗಳಲ್ಲಿ ಬರೆಯಿರಿ. ಡಬ್ಲ್ಯು3ಸಿಯ 'ಟ್ರೇಸ್‌ಪೇರೆಂಟ್' ಹೆಡರ್ ಇದಕ್ಕೆ ಮಾನಕ, ಓಪನ್‌ಟೆಲಿಮೆಟ್ರಿ ಬಳಸಿದರೆ ತಾನಾಗಿ ಬರುತ್ತದೆ. ಎಚ್ಚರಿಕೆಯ ಗಂಟೆ ಒಂದೇ ಇಡುವುದಾದರೆ ಔಟ್‌ಬಾಕ್ಸ್‌ನಲ್ಲಿ ಕಳಿಸದೆ ಉಳಿದ ಅತಿ ಹಳೆಯ ಸಾಲಿನ ವಯಸ್ಸಿಗೆ ಇಡಿ. ಎಷ್ಟು ಸಾಲು ಬಾಕಿ ಎಂಬ ಎಣಿಕೆ ಹೊರೆಗೆ ತಕ್ಕಂತೆ ಏರಿಳಿಯುತ್ತದೆ, ಆದರೆ ವಯಸ್ಸು 5 ನಿಮಿಷ ದಾಟಿದೆ ಎಂದರೆ ರಿಲೇ ನಿಂತಿದೆ.

7. ದಾರಿ ಬದಲಿಸಿ

ಓದುವ ಕರೆಗಳಿಂದ ಶುರು ಮಾಡಿ. ಉತ್ತರ ಹಳೆಯ ಕೋಡ್‌ನದ್ದೇ ಹೋಗಲಿ; ಹಿನ್ನೆಲೆಯಲ್ಲಿ ಅದೇ ಪ್ರಶ್ನೆಯನ್ನು ಹೊಸ ಸರ್ವಿಸ್‌ಗೂ ಕೇಳಿ ಎರಡನ್ನೂ ಹೋಲಿಸಿ, ವ್ಯತ್ಯಾಸ ದಾಖಲಿಸಿ. ಮೊದಮೊದಲು ಬರುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಸಮಯದ ನಮೂನೆ, ಪಟ್ಟಿಯ ಅನುಕ್ರಮ ಮತ್ತು ದುಂಡಾಂಕದವು (ಮೊತ್ತವನ್ನು ಹತ್ತಿರದ ಪೈಸೆಗೆ ಸರಿಹೊಂದಿಸುವುದು). ಮೊದಲೆರಡನ್ನು ಹೋಲಿಕೆಯಲ್ಲಿ ಸರಿದೂಗಿಸಬಹುದು. ದುಂಡಾಂಕದ ವ್ಯತ್ಯಾಸವನ್ನು ಮಾತ್ರ ಪೈಸೆಯ ವಿಷಯ ಎಂದು ಬಿಡಬೇಡಿ: ಒಂದು ಕಡೆ ದಶಮಾಂಶ ಮಾದರಿ, ಇನ್ನೊಂದು ಕಡೆ ಫ್ಲೋಟ್ (ಭಿನ್ನಾಂಕವನ್ನು ಅಂದಾಜಾಗಿ ಇಡುವ ಮಾದರಿ) ಬಳಸಿದ ಕುರುಹು ಅದು.

ಹೀಗೆ ನೆರಳಿನಲ್ಲಿ ಓಡಿಸುವಾಗ ಹೊಸ ಸರ್ವಿಸ್‌ನ ಇಮೇಲ್ ಕಳಿಸುವ ದಾರಿ ಮುಚ್ಚಿರಲಿ. ಇಲ್ಲದಿದ್ದರೆ ಗ್ರಾಹಕರಿಗೆ ಎರಡೆರಡು ಇನ್‌ವಾಯ್ಸ್ ಹೋಗುತ್ತದೆ.

ಬರೆಯುವ ಹಕ್ಕು ಒಂದು ಇನ್‌ವಾಯ್ಸ್‌ಗೆ ಒಂದೇ ಕಡೆ ಇರಬೇಕು. ಅಪ್ಲಿಕೇಶನ್‌ನಿಂದಲೇ ಎರಡೂ ಕಡೆ ಬರೆಯೋಣ ಎನ್ನುವುದು ಸುಲಭ ಎನಿಸಿದರೂ, ಒಂದು ಬರಹ ವಿಫಲವಾದ ದಿನ ಯಾವುದು ಸರಿ ಎಂದು ಹೇಳುವವರಿಲ್ಲ. ಫೀಚರ್ ಫ್ಲ್ಯಾಗ್ ಮೂಲಕ 1%, 10%, 50%, 100% ಎಂದು ಏರಿಸಿ. ಆಯ್ಕೆ ಗ್ರಾಹಕ ಐಡಿಯ ಹ್ಯಾಶ್ (ಅದೇ ಐಡಿಗೆ ಸದಾ ಅದೇ ಸಂಖ್ಯೆ ಕೊಡುವ ಲೆಕ್ಕ) ಮೇಲೆ ಆಗಲಿ; ವಿನಂತಿಗೊಮ್ಮೆ ಚೀಟಿ ಎತ್ತಿದರೆ ಒಬ್ಬನೇ ಗ್ರಾಹಕ ಒಮ್ಮೆ ಹಳೆಯದಕ್ಕೆ, ಒಮ್ಮೆ ಹೊಸದಕ್ಕೆ ಹೋಗುತ್ತಾನೆ. ಇನ್‌ವಾಯ್ಸ್ ಸಂಖ್ಯೆ ಕ್ರಮವಾಗಿ, ಬಿಡದೆ ಬರಬೇಕಿದ್ದರೆ ಸಂಖ್ಯೆ ಕೊಡುವವರು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಇರಬೇಕು. ಶೇಕಡಾವಾರು ಏರಿಸುವ ಮೊದಲೇ ಆ ಕೆಲಸವನ್ನು ಹೊಸ ಸರ್ವಿಸ್‌ಗೆ ವಹಿಸಿ, ಹಳೆಯ ಕೋಡ್ ಕೂಡ ಅಲ್ಲಿಂದಲೇ ಕೇಳಲಿ.

ಪ್ರತಿ ಮೆಟ್ಟಿಲಲ್ಲೂ ಹಿಂದಕ್ಕೆ ಬರುವ ದಾರಿಯನ್ನು ನಿಜವಾಗಿ ಓಡಿಸಿ ನೋಡಿ. ಹೊಸ ಕಡೆ ಹುಟ್ಟಿದ ಇನ್‌ವಾಯ್ಸ್‌ಗಳು ಹಿಂದೆ ಬಂದ ಮೇಲೂ ಕಾಣಬೇಕು.

8. ಒಪ್ಪಂದ ಬದಲಿಸುವ ನಿಯಮ

ಒಪ್ಪಂದ ಎಂದರೆ ಎರಡು ಕಡೆಯ ನಡುವೆ ಸಾಗುವ ಕರೆ, ಸಂದೇಶಗಳ ರೂಪ. ಇನ್ನು ಮುಂದೆ ಎರಡೂ ಕಡೆ ಒಟ್ಟಿಗೆ ಬದಲಾಗುವುದಿಲ್ಲ. ಫೀಲ್ಡ್ ಸೇರಿಸುವುದು ಸಾಮಾನ್ಯವಾಗಿ ಸುರಕ್ಷಿತ. ಹೆಸರು ಬದಲಿಸಬೇಕಾದರೆ ಹೊಸ ಹೆಸರು ಸೇರಿಸಿ, ಎರಡನ್ನೂ ತುಂಬಿ, ಓದುವವರನ್ನೆಲ್ಲ ಹೊಸದಕ್ಕೆ ಸಾಗಿಸಿ, ಕೊನೆಗೆ ಹಳೆಯದನ್ನು ತೆಗೆಯಿರಿ. ಸ್ಥಿತಿಗಳ ಪಟ್ಟಿಗೆ "ಭಾಗಶಃ ಪಾವತಿ" ಎಂಬ ಹೊಸ ಮೌಲ್ಯ ಸೇರಿಸುವುದು ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಗೊತ್ತಿಲ್ಲದ ಮೌಲ್ಯ ಕಂಡಾಗ ದೋಷ ಎಸೆಯುವ ಓದುಗ ಕೋಡ್ ಅಲ್ಲೇ ಬೀಳುತ್ತದೆ. ಓದುವ ಕಡೆ ಅಪರಿಚಿತ ಮೌಲ್ಯಕ್ಕೆ ಒಂದು ದಾರಿ ಬರೆದು ಡಿಪ್ಲಾಯ್ ಆದ ಮೇಲಷ್ಟೇ ಕಳಿಸುವ ಕಡೆ ಬದಲಿಸಿ.

9. ಹಳೆಯದನ್ನು ಅಳಿಸಿ

100% ತಲುಪಿದ ದಿನ ತಂಡ ಬೇರೆ ಕೆಲಸಕ್ಕೆ ಹೊರಡುತ್ತದೆ, ಹಳೆಯ ಕೋಡ್ ಹಾಗೇ ಉಳಿಯುತ್ತದೆ. ಆರು ತಿಂಗಳ ನಂತರ ಬಂದ ಹೊಸಬರು ಅದನ್ನೇ ತಿದ್ದಿ, "ಬದಲಾವಣೆ ಕಾಣುತ್ತಿಲ್ಲವಲ್ಲ" ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅಳಿಸುವ ಕೆಲಸಕ್ಕೆ ಟಿಕೆಟ್, ದಿನಾಂಕ, ಹೆಸರು ಮೂರನ್ನೂ ಮೊದಲ ದಿನವೇ ಹಾಕಿಡಿ. ಮೊದಲು ಫ್ಲ್ಯಾಗ್ ಮತ್ತು ಹಳೆಯ ಕೋಡ್ ಹೋಗಲಿ. ಟೇಬಲ್‌ಗಳು ಅಪ್ಲಿಕೇಶನ್‌ನಿಂದ ಆಚೆಗಿನ ರಿಪೋರ್ಟ್‌ಗಳಿಗೂ ಬೇಕಿರಬಹುದು, ಆದ್ದರಿಂದ ಹಳೆಯ ನಕಲುಗಳಿದ್ದರೆ ಅವುಗಳ ಹೆಸರು ಬದಲಿಸಿ ಇನ್ನೊಂದು ತಿಂಗಳ ಕೊನೆ ದಾಟುವವರೆಗೆ ಬಿಡಿ. ಯಾರೂ ಕೂಗದಿದ್ದರೆ ಬ್ಯಾಕಪ್ ತೆಗೆದು ಡ್ರಾಪ್ ಮಾಡಿ. ಇನ್‌ವಾಯ್ಸ್ ಸ್ಕೀಮಾವನ್ನು ಅದರದ್ದೇ ಡೇಟಾಬೇಸ್ ಸರ್ವರ್‌ಗೆ ಸಾಗಿಸುವುದು ಇದಾದ ಮೇಲಿನ ಮಾತು. ಹೊರೆ ಅಥವಾ ಬ್ಯಾಕಪ್ ಸಮಯ ಒತ್ತಾಯಿಸುವವರೆಗೆ ಒಂದೇ ಸರ್ವರ್‌ನಲ್ಲಿ ಎರಡು ಸ್ಕೀಮಾ ಇದ್ದರೆ ಯಾವ ನಷ್ಟವೂ ಇಲ್ಲ.